ಹೊತ್ತು ಮರೆಸುವ ದೀಪ

“ಏನ್ ಆರ್ಟಿಸ್ಟೇ, ನಿನ್ ಲೈಟು ನಮ್ಮ ಅವರೆ ಹೂವು ಕಟ್ಟಕ್ಕೇ ಬಿಡ್ತಿಲ್ವಲ್ಲಯ್ಯ!”

ಕಳೆದ ಡಿಸೆಂಬರಿನಲ್ಲಿ ದಾಬಸ್‌ಪೇಟೆ ಮೇಲ್ಸೇತುವೆ ಕೆಳಗಿನ ಟೀ ಅಂಗಡಿಯಲ್ಲಿ ಹೀಗೆಂದವರು ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಣ್ಣ ಎಂದೇ ಕರೆಯುವ ರೈತರು. ಅವರ ರಾಗಿ ಹೊಲದ ಮಗ್ಗುಲಿಗೇ ಒಂದು ರೆಸಾರ್ಟು ಎದ್ದಿದೆ. ಅದರ ಕಮಾನಿಗೆ, ಕಾಂಪೌಂಡಿಗೆ, ಮರಗಳಿಗೆ ದೀಪ ಕಟ್ಟಿದವನು ನಾನೇ. ತಮಾಷೆ ಇರಬೇಕೆಂದು ನಕ್ಕೆ. ಅವರು ನಗಲಿಲ್ಲ. “ಬಂದು ನೋಡು” ಅಂದರು.

ಹೋಗಿ ನೋಡಿದೆ. ರಾಗಿ ಕೊಯ್ದಾಗಿತ್ತು. ಹೊಲದ ನಡುವಿನ ಅಕ್ಕಡಿ ಸಾಲುಗಳಲ್ಲಿ ಅವರೆ ಕಾಯಿ ಕಚ್ಚಿ ಜೋತಾಡುತ್ತಿತ್ತು, ಮುಟ್ಟಿದರೆ ಸೊನೆ ಬೆರಳಿಗೆ ಅಂಟುತ್ತಿತ್ತು. ಕಾಂಪೌಂಡಿಗೆ ತಾಗಿದ ಎರಡು ಸಾಲು ಮಾತ್ರ ಬೇರೆ. ಎಲೆ ಸೊಂಪು, ಬಳ್ಳಿ ಉದ್ದ, ಹೂವು ಅಲ್ಲೊಂದು ಇಲ್ಲೊಂದು. ನಾಟಿ ಅವರೆ ರಾತ್ರಿ ಉದ್ದವಾದಾಗ ಹೂವಿಗೆ ಬರುವ ಬೆಳೆ. ಮಾಗಿ ಚಳಿಗೂ ಸೊಗಡವರೆಗೂ ಇರುವ ನಂಟು ಅದೇ. ನನ್ನ ದೀಪ ಬೆಳಗಿನವರೆಗೂ ಉರಿದು ಆ ಎರಡು ಸಾಲಿಗೆ ರಾತ್ರಿಯನ್ನೇ ಇಲ್ಲವಾಗಿಸಿತ್ತು.

ರೈತರಿಗೆ ಇದೇನು ಹೊಸ ವಿದ್ಯೆಯಲ್ಲ. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ತೋಟಗಳಲ್ಲಿ ಸಾಲುಸಾಲಾಗಿ ಬಲ್ಬು ಉರಿಯುವುದನ್ನು ನೀವೂ ನೋಡಿರಬಹುದು. ರಾತ್ರಿ ಇನ್ನೂ ಗಿಡ್ಡ ಎಂದು ಗಿಡವನ್ನು ನಂಬಿಸಿದರೆ ಅದು ಹೂವು ಮುಂದಕ್ಕೆ ಹಾಕಿ ಮೈ ಬೆಳೆಸಿಕೊಳ್ಳುತ್ತದೆ. “ಅವ್ರು ಬೇಕಂತ ಹಚ್ತಾರೆ, ಸಾಕಾದಾಗ ಆರಿಸ್ತಾರೆ. ನಿಮ್ಮೋರು ಆರಿಸೋದೇ ಇಲ್ವಲ್ಲಯ್ಯ” ಎಂದರು ಅಣ್ಣ. ಆ ಮಾತು ನನ್ನನ್ನು ಕೊರೆಯುತ್ತಲೇ ಇದೆ. ನಲವತ್ತು ವರ್ಷ ಬೋರ್ಡು, ದೀಪ ಎಂದುಕೊಂಡೇ ಅನ್ನ ತಿಂದವನಾಗಿ ಇವತ್ತು ನನ್ನ ಕಸುಬಿನ ಬಗ್ಗೆಯೇ ನಾಲ್ಕು ಮಾತು ಬರೆಯುತ್ತಿದ್ದೇನೆ.

ಆ ರೆಸಾರ್ಟಿನವರು ಮೊದಲು ಕೊಟ್ಟ ಕೆಲಸವೇ ‘ಕ್ಯಾಸಿನೊ ಥೀಮ್’. ಗಾಬರಿಯಾಗಬೇಡಿ, ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. 1963ರ ಪೊಲೀಸ್ ಕಾಯ್ದೆ ಜೂಜಿನ ಅಡ್ಡೆಗೆ ಜಾಗ ಕೊಡುವುದಿಲ್ಲ. ಇಲ್ಲಿ ನಡೆಯುವುದು ಜೂಜಿನ ವೇಷ ಮಾತ್ರ. ಮದುವೆಯ ಹಿಂದಿನ ರಾತ್ರಿಯ ಪಾರ್ಟಿಗೋ ಕಂಪನಿಯ ವಾರ್ಷಿಕೋತ್ಸವಕ್ಕೋ ಬಾಡಿಗೆಗೆ ಹಸಿರು ಮೇಜು ಬರುತ್ತದೆ, ತಿರುಗುವ ಚಕ್ರ ಬರುತ್ತದೆ, ಬೆಲೆಯಿಲ್ಲದ ಪ್ಲಾಸ್ಟಿಕ್ ಬಿಲ್ಲೆ ಬರುತ್ತವೆ. ಅದಕ್ಕೆ ತಕ್ಕ ಬೋರ್ಡು, ಬೆಳಕು, ಗಿಡ ಬೇಕು. ಮಾದರಿಗೆ ಮ್ಯಾನೇಜರ್ ಹುಡುಗ ಒಂದು ಫೋಟೊ ಕಳಿಸಿದ: ಲಾಸ್ ವೇಗಸ್ ಊರ ಬಾಗಿಲಿನ ಹೆಸರಾಂತ ಸ್ವಾಗತ ಫಲಕ. “ಅಂಕಲ್, ಡಿಟ್ಟೋ ಇದೇ ಥರ ಬೇಕು.”

ಒಳ್ಳೆಯ ಬೋರ್ಡು ಕಂಡರೆ ಕೈ ಮುಗಿಯುವ ಜಾತಿ ನಮ್ಮದು. ಇದನ್ನು 1959ರಲ್ಲಿ ರೂಪಿಸಿದವರು ಬೆಟ್ಟಿ ವಿಲ್ಲಿಸ್ ಎಂಬ ಹೆಣ್ಣುಮಗಳು. ಅದರ ಹಕ್ಕನ್ನು ಅವರು ತಮ್ಮ ಹೆಸರಿಗೆ ಬರೆಸಿಕೊಳ್ಳಲೇ ಇಲ್ಲ, ಆದ್ದರಿಂದ ಜಗತ್ತೆಲ್ಲ ಅದರ ನಕಲು. ಮೇಲೆ ನಕ್ಷತ್ರ, ಅದರ ಕೆಳಗೆ ಏಳು ಬಿಳಿ ಬಿಲ್ಲೆ, ಬಿಲ್ಲೆಗೊಂದರಂತೆ ‘ವೆಲ್ಕಂ’ ಪದದ ಏಳು ಇಂಗ್ಲಿಷ್ ಅಕ್ಷರ. ಇದನ್ನು ಕನ್ನಡದಲ್ಲೇ ಮಾಡೋಣ ಎಂದು ನಾನು ಮಗನ ಜೊತೆ ಕೂತೆ. ಅವನು ಕೋರಲ್ ಡ್ರಾದಲ್ಲಿ ಬಿಲ್ಲೆ ಎಳೆದ, ನಾನು ಅಕ್ಷರ ಎಣಿಸಿದೆ. ‘ಸುಸ್ವಾಗತ’ ಅಂದರೆ ನಾಲ್ಕೇ ಅಕ್ಷರ, ಮೂರು ಬಿಲ್ಲೆ ಖಾಲಿ. ‘ದಯಮಾಡಿಸಿ’ ಅಂದರೆ ಐದು. ‘ನಮ್ಮೂರಿಗೆ ಬನ್ನಿ’ ಅಂದರೆ ಆರು. ಅಡುಗೆಮನೆಯಿಂದ ನನ್ನ ಹೆಂಡತಿ, “ಬಾಗಿಲಿಗೆ ಬಂದೋರಿಗೆ ಏನಂತೀವೋ ಅದನ್ನ ಬರೀರಿ” ಅಂದಳು. ‘ಬನ್ನಿ, ಒಳಗೆ ಬನ್ನಿ.’ ಎಣಿಸಿದೆ. ಬ, ನ್ನಿ, ಒ, ಳ, ಗೆ, ಬ, ನ್ನಿ. ಏಳಕ್ಕೆ ಏಳು!

ಮ್ಯಾನೇಜರ್ ಒಪ್ಪಲಿಲ್ಲ. “ಲುಕ್ ಬರಲ್ಲ ಅಂಕಲ್” ಎಂದ. ಕೊನೆಗೆ ಇಂಗ್ಲಿಷೇ ಉಳಿಯಿತು. ಮೂಲ ಫಲಕದ ಬೆನ್ನ ಮೇಲೆ ಊರು ಬಿಡುವವರಿಗೆ ಜೋಪಾನವಾಗಿ ಗಾಡಿ ಓಡಿಸಿ, ಬೇಗ ಮತ್ತೆ ಬನ್ನಿ ಎಂಬ ಮಾತಿದೆ. ಅದನ್ನಾದರೂ ಕನ್ನಡದಲ್ಲಿ ಬರೆಯುತ್ತೇನೆ ಎಂದೆ. ಹಿಂಬದಿಗೆ ದುಡ್ಡಿಲ್ಲ ಎಂದರು. ನಮ್ಮ ಕಮಾನಿನ ಬೆನ್ನಿನಲ್ಲಿ ಈಗ ಬೆತ್ತಲೆ ಕಬ್ಬಿಣದ ಕೋನಗಳೂ ವೈರುಗಳೂ ಕಾಣುತ್ತವೆ. ಬರುವವರಿಗೆ ಝಗಮಗ, ಹೋಗುವವರಿಗೆ ತುಕ್ಕು.

ಕ್ಯಾಸಿನೊದ ಬೆಳಕು ನನಗೆ ಫೋಟೊದಲ್ಲಷ್ಟೇ ಗೊತ್ತಿರುವುದಲ್ಲ. ಗೆಳೆಯರ ಜೊತೆ ಪಣಜಿಗೆ ಹೋಗಿದ್ದಾಗ ಮಾಂಡೋವಿ ನದಿಯ ಮೇಲಿನ ಒಂದು ಹಡಗು ಹತ್ತಿದ್ದೆ. ಗೋವಾದಲ್ಲಿ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ದಾರಿ ಮಾಡಿದರು. 1996ರಲ್ಲಿ ಹಡಗುಗಳಿಗೂ ಆ ಬಾಗಿಲು ತೆರೆಯಿತು. ಸಂಜೆಯಾದರೆ ಆ ನದಿಯಲ್ಲಿ ನೀರು ಕಾಣುವುದಿಲ್ಲ, ನೀರಿನ ಮೇಲೆ ಬಿದ್ದ ಬೋರ್ಡುಗಳು ಕಾಣುತ್ತವೆ. ಒಳಗೆ ಹೋದ ಮೇಲೆ ನಾನು ಆಟ ನೋಡಲಿಲ್ಲ, ಚಾವಣಿ ನೋಡಿದೆ. ಒಂದು ಗಡಿಯಾರವಿಲ್ಲ, ಹೊರಗಿನ ಆಕಾಶ ಕಾಣುವ ಕಿಟಕಿಯಿಲ್ಲ. ಮೇಜಿನ ಮೇಲೆ ಹಳದಿ ಬೆಳಕು ಹದವಾಗಿ ಸುರಿದಿದೆ, ಓಡಾಡುವ ದಾರಿ ಮಬ್ಬು. ಹೊರಗೆ ಹೋಗುವ ದಾರಿಯ ಬೋರ್ಡು ಅಂಗೈಯಗಲ. ಹನ್ನೊಂದು ಗಂಟೆ ಆಗಿರಬೇಕು ಅಂದುಕೊಂಡು ಹೊರಗೆ ಬಂದರೆ ಎರಡೂವರೆ. ಬೆಳಕನ್ನು ಇಷ್ಟು ಬುದ್ಧಿವಂತಿಕೆಯಿಂದ ಬಳಸಿದ ಇನ್ನೊಂದು ಜಾಗವನ್ನು ನಾನು ಕಂಡಿಲ್ಲ. ಆ ಮೂರೂವರೆ ಗಂಟೆಯಲ್ಲಿ ನನ್ನ ಗೆಳೆಯ ಕಳಕೊಂಡ ದುಡ್ಡಿನ ಲೆಕ್ಕ ಅವನ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ.

ಸೇವಂತಿಗೆ ತೋಟದ ಬಲ್ಬು, ಅವರೆ ಸಾಲಿನ ಮೇಲಿನ ನನ್ನ ದೀಪ, ಆ ಹಡಗಿನ ಚಾವಣಿ, ಮೂರೂ ಮಾಡುವುದು ಒಂದೇ ಕೆಲಸ, ಹೊತ್ತು ಮರೆಸುವುದು. ಜೂಜಿನ ಮನೆಗೆ ಅದು ಬೇಕು, ಹೊತ್ತು ನೆನಪಾದವನು ಎದ್ದು ಮನೆಗೆ ಹೋಗುತ್ತಾನೆ. ಆದರೆ ಊಟದ ಹೋಟೆಲಿಗೆ, ಕಲ್ಯಾಣ ಮಂಟಪಕ್ಕೆ, ಹೊಸ ಲೇಔಟಿನ ಕಮಾನಿಗೆ, ಹೆರಿಗೆ ಆಸ್ಪತ್ರೆಗೆ ಅದೇಕೆ ಬೇಕು? ನೆಲಮಂಗಲ ದಾಟಿ ತುಮಕೂರು ಕಡೆಗೆ ರಾತ್ರಿ ಒಮ್ಮೆ ಬನ್ನಿ. ಓಡುವ ದೀಪ, ಮಿಟುಕುವ ದೀಪ, ನೀಲಿಯಿಂದ ನೇರಳೆಗೆ ಬಣ್ಣ ಬದಲಿಸುವ ಗೋಡೆ, ಆಕಾಶಕ್ಕೆ ಕೋಲು ಚಾಚಿ ತಿರುಗುವ ಬೆಳಕು. ಕ್ಯಾಸಿನೊ ನಮ್ಮ ರಾಜ್ಯಕ್ಕೆ ಬಂದಿಲ್ಲ, ಅದರ ಬಟ್ಟೆ ಮಾತ್ರ ಬಂದು ಎಲ್ಲರ ಮೈಗೂ ಹತ್ತಿದೆ.

ಆ ಬಟ್ಟೆ ಹೊಲಿದ ಊರಿನ ಕಥೆ ಕೇಳಿ. ಲಾಸ್ ವೇಗಸ್‌ನಲ್ಲಿ ಈಜಿಪ್ಟಿನ ಪಿರಮಿಡ್ಡಿನ ರೂಪದಲ್ಲಿ 1993ರಲ್ಲಿ ತೆರೆದ ಲಕ್ಸಾರ್ ಎಂಬ ಕ್ಯಾಸಿನೊ ಹೋಟೆಲಿದೆ. ಅದರ ತುದಿಯಿಂದ ರಾತ್ರಿ ಆಕಾಶಕ್ಕೆ ಒಂದು ಬೆಳಕಿನ ಕಂಬ ಏಳುತ್ತದೆ. ಆ ಬೆಳಕಿಗೆ ಪತಂಗ ಮುತ್ತುತ್ತವೆ, ಪತಂಗ ತಿನ್ನಲು ಬಾವಲಿ ಬರುತ್ತವೆ, ಬಾವಲಿಯ ಹಿಂದೆ ಗೂಬೆ. 2019ರ ಬೇಸಿಗೆಯಲ್ಲಿ ಮಿಡತೆಗಳ ದಂಡು ಆ ಊರಿನ ದೀಪಗಳಿಗೆ ಎಷ್ಟು ಮುತ್ತಿತೆಂದರೆ ಹವಾಮಾನದ ರಾಡಾರಿನಲ್ಲಿ ಮೋಡದಂತೆ ಕಂಡಿತು. 1989ರಲ್ಲಿ ಹೋಟೆಲಿನ ಮುಂದೆ ಬೆಂಕಿ ಉಗುಳುವ ನಕಲಿ ಜ್ವಾಲಾಮುಖಿ ಇಟ್ಟು ಹೆಸರಾದ ಮಿರಾಜ್ 2024ರಲ್ಲಿ ಬಾಗಿಲು ಹಾಕಿತು. ಇನ್ನು ಹುಲ್ಲಿನ ಮಾತು. ಮರಳುಗಾಡಿನ ನಡುವೆ ಹುಲ್ಲುಹಾಸು ಹಾಸಿದ ಆ ಊರಿರುವ ರಾಜ್ಯವೇ 2021ರಲ್ಲಿ ಕಾನೂನು ತಂದಿತು. ಬರೀ ನೋಡುವುದಕ್ಕೆಂದು ರಸ್ತೆ ಬದಿಯಲ್ಲಿ, ಕಚೇರಿ ಮುಂದೆ ಬೆಳೆಸಿದ ಹುಲ್ಲಿಗೆ 2026 ಮುಗಿದ ಮೇಲೆ ಕೊಲೊರಾಡೊ ನದಿಯ ನೀರಿಲ್ಲ, ಕಿತ್ತು ಹಾಕಿ! ನಾವು ಯಾರನ್ನು ನೋಡಿ ಹುಲ್ಲು ಹಾಸುತ್ತಿದ್ದೇವೋ ಅವರೇ ಹುಲ್ಲು ಸುತ್ತಿಡುತ್ತಿದ್ದಾರೆ. ಸಾವಿರ ಅಡಿ ಕೊರೆದರೂ ಬರೀ ಧೂಳು ಬರುವ ಬೋರ್‌ವೆಲ್ಲುಗಳ ಸೀಮೆಯಲ್ಲಿ ಕೂತು ನಮಗೆ ಇಷ್ಟಾದರೂ ಹೊಳೆಯಬೇಡವೇ?

ಗಿಡದ ವಿಷಯದಲ್ಲಿ ನನ್ನ ಕಸುಬಿನ ಒಂದು ಗುಟ್ಟು ಹೇಳಿಬಿಡುತ್ತೇನೆ. ರೆಸಾರ್ಟುಗಳಿಗೆ ಪಾಮ್ ಜಾತಿಯ ಮೇಲೆ ಯಾಕಿಷ್ಟು ಮೋಹ? ಬೆಳೆದ ಪಾಮ್ ಮರದ ಕಾಂಡ ದಪ್ಪ ಆಗುವುದಿಲ್ಲ. ಒಮ್ಮೆ ದೀಪದ ಪಟ್ಟಿ ಸುತ್ತಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಅದೇ ಪಟ್ಟಿಯನ್ನು ಹೊಂಗೆಗೋ ಆಲಕ್ಕೋ ಬಿಗಿದು ಕಟ್ಟಿ ನೋಡಿ, ಕೆಲವೇ ವರ್ಷಕ್ಕೆ ತೊಗಟೆ ಅದನ್ನು ನುಂಗಲು ಶುರು ಮಾಡುತ್ತದೆ. ಅಂದರೆ ಮರ ಬೇಕಾಗಿರುವುದು ದೀಪದ ಕಂಬವಾಗಿ, ಬೆಳೆಯುವ ಮರ ತರಲೆ. ನಮ್ಮ ಹಳ್ಳದ ದಂಡೆಯಲ್ಲಿ ಈಚಲು ತಾನಾಗೇ ಬೆಳೆದಿದೆ, ಅದನ್ನು ಕೇಳುವವರಿಲ್ಲ. ಅದರ ಅಣ್ಣನಂಥ ಖರ್ಜೂರದ ಮರ ಮಾತ್ರ ಲಾರಿಯಲ್ಲಿ ಮಲಗಿಕೊಂಡು ಬಂದು, ಕ್ರೇನಿನಲ್ಲಿ ಎದ್ದು ನಿಲ್ಲುತ್ತದೆ.

ಇದೇ ತುಮಕೂರು ರಸ್ತೆಯಲ್ಲಿ ಹುಡುಗನಾಗಿದ್ದಾಗ ನಾನು ಮೊದಲು ಮಾಡಿದ ಕೂಲಿ ಮರಕ್ಕೆ ಬಣ್ಣ ಬಳಿಯುವುದು. ಎರಡೂ ಬದಿ ಹುಣಸೆ ಮರ. ಬುಡದಲ್ಲಿ ಸುಣ್ಣದ ಬಿಳಿ ಪಟ್ಟಿ, ನಡುವೆ ಕೆಮ್ಮಣ್ಣು, ಎದೆಮಟ್ಟದಲ್ಲಿ ಕರಿಯ ಅಂಕಿ. ಸಂಜೆ ಕತ್ತಲಾದ ಮೇಲೆ ಬಸ್ಸಿನ ಹೆಡ್‌ಲೈಟು ಬಿದ್ದರೆ ಆ ಬಿಳಿ ಪಟ್ಟಿಗಳು ಒಂದಾದ ಮೇಲೊಂದು ಎದ್ದು ಬಂದು, ಮುಂದೆ ರಸ್ತೆ ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂದು ಡ್ರೈವರನಿಗೆ ಹೇಳುತ್ತಿದ್ದವು. ಬೋರ್ಡೂ ಅದೇ, ದೀಪವೂ ಅದೇ, ತೋಟವೂ ಅದೇ. ಕರೆಂಟು ಬಿಲ್ಲು ಸೊನ್ನೆ. ರಸ್ತೆ ಅಗಲವಾದಾಗ ಆ ಮರಗಳು ಹೋದವು. ಶಿವಗಂಗೆ ಬೆಟ್ಟದ ಆಚೆ, ಹುಲಿಕಲ್ಲು ಮತ್ತು ಕುದೂರಿನ ನಡುವೆ ಸಾಲುಮರದ ತಿಮ್ಮಕ್ಕ ದಂಪತಿ ಕೊಡ ಹೊತ್ತು ಬೆಳೆಸಿದ ಆಲದ ಸಾಲಿನಲ್ಲಿ ಈಗಲೂ ರಾತ್ರಿ ಗಾಡಿ ಓಡಿಸಿದರೆ ಅದೇ ಅನುಭವ. ದಾರಿ ಎಲ್ಲಿದೆ ಎಂದು ಮರಗಳೇ ಹೇಳುತ್ತವೆ.

ನಾನೇನು ಸಾಚಾ ಅಲ್ಲ. ತೊಂಬತ್ತರ ದಶಕದಲ್ಲಿ ಲಾಟರಿ ಅಂಗಡಿಗಳಿಗೆ ಕೆಂಪು, ಹಳದಿ ಬೋರ್ಡು ಬರೆದು ನನ್ನ ಮನೆಯ ತಳಪಾಯ ಹಾಕಿಸಿದೆ. 2007ರಲ್ಲಿ ಸರ್ಕಾರ ಲಾಟರಿ ನಿಲ್ಲಿಸಿದಾಗ ಅದೇ ಬೋರ್ಡುಗಳ ಮೇಲೆ ಬಿಳಿ ಬಳಿದು ಮೊಬೈಲ್ ರೀಚಾರ್ಜ್ ಎಂದು ಬರೆದೂ ದುಡ್ಡು ಎಣಿಸಿದೆ. ಬೋರ್ಡು ಬರೆಯುವವನು ಅಂಗಡಿಯ ಒಳಗಿನ ವ್ಯಾಪಾರ ಕೇಳಬಾರದು ಎಂಬುದು ನನ್ನ ಗುರುಗಳ ಮಾತು. ಆದರೆ ಬೋರ್ಡೇ ಸುಳ್ಳು ಹೇಳಿದರೆ ಆ ಪಾಪ ಬರೆದವನದ್ದು ಎಂದೂ ಅವರೇ ಹೇಳಿದ್ದರು.

ಅಂಥ ಒಂದು ಸುಳ್ಳನ್ನು ನಾನೇ ಮಾಡಿಕೊಡುತ್ತಿದ್ದೇನೆ. ರಾಜ್ಯದ ಭಾಷಾ ಕಾನೂನಿಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಗಿರಾಕಿಗಳು ಕಂಡುಕೊಂಡ ಉಪಾಯ ಹೀಗಿದೆ. ಮೇಲೆ ಕನ್ನಡವನ್ನು ಸ್ಟಿಕರಿನಲ್ಲಿ ಅಂಟಿಸುವುದು, ಕೆಳಗೆ ಇಂಗ್ಲಿಷನ್ನು ಅಕ್ರಿಲಿಕ್ ಅಕ್ಷರದಲ್ಲಿ ದೀಪ ತುಂಬಿ ನಿಲ್ಲಿಸುವುದು. ಹಗಲಲ್ಲಿ ಕನ್ನಡ ಶೇ 60. ಸೂರ್ಯ ಮುಳುಗಿದರೆ ಸೊನ್ನೆ. ಕನ್ನಡಕ್ಕೆ ದೀಪ ಹಾಕಲು ಕಷ್ಟವಿದೆ, ನಿಜ. ಮೂರು ಬಲ್ಬಿನ ಮಾಡ್ಯೂಲು ಇಂಗ್ಲಿಷಿನ ನೆಟ್ಟಗಿನ ಗೆರೆಯಲ್ಲಿ ಸಲೀಸಾಗಿ ಕೂರುತ್ತದೆ. ನಮ್ಮ ಒತ್ತಕ್ಷರದ ಹೊಟ್ಟೆಯಲ್ಲಿ ಅದಕ್ಕೆ ಜಾಗವಿಲ್ಲ. ನಾನೇ ಒಮ್ಮೆ ಅವಸರದಲ್ಲಿ ಮಾಡಿದ ‘ಸ್ವಾಗತ’ದಲ್ಲಿ ವ ಒತ್ತು ಕತ್ತಲಾಗಿ, ರಾತ್ರಿಯೆಲ್ಲ ‘ಸಾಗತ’ ಎಂದು ಉರಿಯಿತು. ಬಿಡಿ ಬಲ್ಬು ಕೂಡಿಸಿ, ಒತ್ತನ್ನು ಚೂರು ಅಗಲಿಸಿ ಬರೆದರೆ ಅದು ಸರಿಹೋಗುತ್ತದೆ. ಅರ್ಧ ದಿನದ ಕೆಲಸ ಹೆಚ್ಚು, ಅಷ್ಟೇ.

ದೀಪ ಬೇಡ ಎನ್ನುವವನು ನಾನಲ್ಲ. ದೀಪಾಲಂಕಾರ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಮೈಸೂರು ಅರಮನೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಆದರೆ ಗಮನಿಸಿ, ಭಾನುವಾರ, ರಜಾದಿನ, ಹಬ್ಬದ ಸಂಜೆಗಳಲ್ಲಿ ಸ್ವಲ್ಪ ಹೊತ್ತು ಬೆಳಗುತ್ತದೆ, ಆಮೇಲೆ ಆರುತ್ತದೆ. ಹತ್ತುವ ಗಳಿಗೆಗೆ ಜನ ಕಾದು ನಿಂತು ‘ಓ’ ಎನ್ನುತ್ತಾರಲ್ಲ, ಅದು ಆರುವುದು ಗೊತ್ತಿರುವುದರಿಂದ. ಸದಾ ಉರಿಯುವ ನನ್ನ ಕಮಾನನ್ನು ನೋಡಿ ಯಾರೂ ‘ಓ’ ಎಂದಿದ್ದಿಲ್ಲ.

ಬೆಳಕಿದ್ದರೆ ಅಪಘಾತ ಕಡಿಮೆ, ರೆಸಾರ್ಟು ಬಂದರೆ ನಾಲ್ಕು ಜನಕ್ಕೆ ಕೆಲಸ ಎನ್ನುತ್ತಾರೆ. ಕೆಲಸದ ಮಾತು ಒಪ್ಪುತ್ತೇನೆ, ಅದರಲ್ಲಿ ನನ್ನದೂ ಒಂದು. ಅಪಘಾತದ ಮಾತನ್ನು ಮಾತ್ರ ಸರ್ವಿಸ್ ರಸ್ತೆಯಲ್ಲಿ ನಿಂತು ಆಡಬೇಕು. ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಬಿಟ್ಟ ಹುಡುಗರು, ಹೆಣ್ಣುಮಕ್ಕಳು ಗುಂಪಾಗಿ ರಸ್ತೆ ದಾಟುತ್ತಾರೆ. ಅವರ ತಲೆಯ ಮೇಲೆ ಬಣ್ಣಬಣ್ಣದ ಬೆಳಕು, ಕಾಲಿನ ಕೆಳಗೆ ಕತ್ತಲು. ಕಮಾನಿನ ಬೆಳಕಿಗೆ ಕಣ್ಣು ಕೋರೈಸಿಕೊಂಡು ಬಂದ ಡ್ರೈವರನಿಗೆ ಮರುಕ್ಷಣ ಎದುರಿನ ಮನುಷ್ಯ ಕಾಣುವುದಿಲ್ಲ. ಬಸ್ ನಿಲ್ದಾಣದ ಊರಿನ ಹೆಸರಿಗೊಂದು ಬಲ್ಬಿಲ್ಲ. ಊರಿನ ಹೆಸರಂತೂ ದಾಬಸ್‌ಪೇಟೆ, ಡಾಬಸ್‌ಪೇಟೆ, ಡಾಬ್ಸ್‌ಪೇಟ್ ಎಂದು ಬೋರ್ಡಿಗೊಂದು ಥರ. ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ನಮ್ಮ ನಾಲಗೆಯಲ್ಲಿ ನುಣುಪಾಗಿ ದಾಬಸ್ ಆಗಿ ಎಷ್ಟೋ ಕಾಲವಾಯಿತು. ಬೋರ್ಡುಗಳಿಗೆ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ರೆಸಾರ್ಟಿನ ಹೆಸರು ಎಲ್ಲೂ ತಪ್ಪಾಗಿಲ್ಲ.

ಹಾಗಾದರೆ ಏನು ಮಾಡಬೇಕು? ಬೋರ್ಡಿಗೆ ಅನುಮತಿ ಕೊಡುವ ಸ್ಥಳೀಯ ಆಡಳಿತ ನಾಲ್ಕು ಷರತ್ತು ಹಾಕಲಿ. ಬೆಳಕು ಮೇಲಿಂದ ಕೆಳಕ್ಕೆ ಬೀಳಬೇಕು, ಆಕಾಶಕ್ಕೂ ಪಕ್ಕದವನ ಹೊಲಕ್ಕೂ ಹೋಗಬಾರದು. ಅಲಂಕಾರದ ದೀಪ ರಾತ್ರಿ ಹನ್ನೊಂದಕ್ಕೆ ಆರಬೇಕು. ಬೋರ್ಡಿನಲ್ಲಿ ಇಂಗ್ಲಿಷ್ ಉರಿದರೆ ಕನ್ನಡವೂ ಉರಿಯಬೇಕು. ಹೆದ್ದಾರಿಗೆ ಕಮಾನು ಹಾಕುವವರು ಹತ್ತಿರದ ನಿಲ್ದಾಣದ ಹೆಸರಿಗೊಂದು ದೀಪ, ರಸ್ತೆ ದಾಟುವ ಜಾಗಕ್ಕೊಂದು ದೀಪ ಹಾಕಿಕೊಡಬೇಕು. ಫ್ರಾನ್ಸಿನಲ್ಲಿ 2013ರಿಂದಲೇ ಅಂಗಡಿ ಕಿಟಕಿಗಳ ದೀಪ ನಡುರಾತ್ರಿ ಒಂದು ಗಂಟೆಗೆ ಆರಬೇಕೆಂಬ ನಿಯಮವಿದೆ. ಅಷ್ಟು ದೂರ ಯಾಕೆ, ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲನ್ನೇ ಕಾಯ್ದಿಟ್ಟ ಆಕಾಶಧಾಮ ಘೋಷಣೆಯಾಯಿತು. ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವುದು ಎಲ್ಲಿಂದ ಗೊತ್ತೇ? ಹೊಸಕೋಟೆಯಿಂದ. ದಾಬಸ್‌ಪೇಟೆಯಲ್ಲಿ ಶುರುವಾಗುವ ಹೆದ್ದಾರಿ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಮುಟ್ಟುವ ಅದೇ ಹೊಸಕೋಟೆ. ರಸ್ತೆಯ ಆ ಕಡೆ ದೇಶದ ಅತಿ ಕತ್ತಲಿನ ಆಕಾಶಗಳಲ್ಲೊಂದನ್ನು ನೋಡುವವರಿದ್ದಾರೆ. ಈ ಕಡೆ ನಮ್ಮ ತಲೆ ಮೇಲಿನ ಆಕಾಶಕ್ಕೆ ನಾನು ನೇರಳೆ ಬಣ್ಣ ಬಳಿಯುತ್ತಿದ್ದೇನೆ.

ಷರತ್ತು ಬರುವವರೆಗೆ ಕಾಯುವುದು ಬೇಡವೆಂದು ನನ್ನ ಕೊಟೇಶನ್ನಿನಲ್ಲಿ ‘ಟೈಮರ್ ಸೇರಿ’ ಎಂದು ಬರೆಯಲು ಶುರು ಮಾಡಿದ್ದೇನೆ. ಅದರ ದುಡ್ಡು ನಾನು ಹಿಡಿಯುವುದಿಲ್ಲ. ಮೊನ್ನೆ ಆ ರೆಸಾರ್ಟಿಗೂ ಹೋಗಿದ್ದೆ. ಮ್ಯಾನೇಜರ್ ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. ಮುಂದಿನ ಕಮಾನು ಆರಿಸಲು ಆಗುವುದಿಲ್ಲ, ಹಿಂದಿನ ಕಾಂಪೌಂಡಿನ ಸಾಲಿಗೆ ಬೇಕಾದರೆ ಟೈಮರ್ ಹಾಕಿ ಎಂದ. ಹಾಕಿ ಬಂದೆ. ದೀಪಗಳ ಮುಖವನ್ನೂ ನೆಲಕ್ಕೆ ತಿರುಗಿಸಿದೆ.

ಟೀ ಅಂಗಡಿಯಲ್ಲಿ ಅಣ್ಣನಿಗೆ ಹೇಳಿದೆ. ಅವರು ಬೀಡಿ ಕೊಡವಿದರು. “ಆಯ್ತು ಬಿಡು, ಈ ಸಲ ಆ ಎರಡು ಸಾಲು ಹೂವು ಬಿಡ್ಲಿ, ಒಂದು ಸೇರು ಕಾಯಿ ನಿಂದು” ಅಂದರು. ಅವರೆ ಈಗ ಮೊಳಕಾಲುದ್ದ ಬೆಳೆದಿದೆ.